ಸೈಕಲ್ ಇಳಿದ ಮೇಲೆ

ದೂರದ ದಾರಿ ಹಿಡಿದ ಸೈಕಲ್ ಸವಾರರ ದಿನಕ್ಕೆ ನಾಲ್ಕೇ ಕೆಲಸ: ಹೊಟ್ಟೆ ತುಂಬಿಸಿಕೊಳ್ಳುವುದು, ಪೆಡಲ್ ತುಳಿಯುವುದು, ನೀರು ಹುಡುಕುವುದು, ಕತ್ತಲಾಗುವ ಮೊದಲು ಮಲಗಲು ಜಾಗ ಮಾಡಿಕೊಳ್ಳುವುದು. ಎಲ್ಲಿಗೆ ಹೋಗಬೇಕೆಂಬುದು ಹಿಂದಿನ ರಾತ್ರಿಯೇ ತೀರ್ಮಾನವಾಗಿರುತ್ತದೆ. ಹೋಗಿ ಮುಟ್ಟಿದರೋ ಇಲ್ಲವೋ ಎಂಬುದು ಸಂಜೆಗೆ ತಿಳಿದುಹೋಗುತ್ತದೆ. ಅಂದಿನ ಕೆಲಸ ಅಂದೇ ಮುಗಿದು, ಅದರ ಫಲವೂ ಅಂದೇ ಕೈಗೆ ಸಿಗುವ ಇಂಥ ಬದುಕು ಊರಿನಲ್ಲಿ ಅಪರೂಪ. ತಿಂಗಳುಗಟ್ಟಲೆ, ಕೆಲವರ ಪಾಲಿಗೆ ವರ್ಷಗಟ್ಟಲೆ, ಇದಕ್ಕೆ ಒಗ್ಗಿಹೋದ ಮೈಮನಸ್ಸು ಮನೆಗೆ ಬಂದ ದಿನವೇ ಬದಲಾಗುವುದಿಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಕಚೇರಿಯ ಮೀಟಿಂಗು, ನೆಂಟರ ಮದುವೆ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ಅವುಗಳಲ್ಲಿ ಯಾವುದೂ ಸಂಜೆಗೆ ಮುಗಿಯುವಂಥದ್ದಲ್ಲ.

ಸೈಕಲ್ ಏರಿ ಲೋಕ ಸುತ್ತುವ ಹವ್ಯಾಸಕ್ಕೆ ಈಗ 140 ವರ್ಷ ದಾಟಿದೆ. 1884ರ ಏಪ್ರಿಲ್‌ನಲ್ಲಿ ಥಾಮಸ್ ಸ್ಟೀವನ್ಸ್ ಎಂಬ ತರುಣ, ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುತ್ತಿದ್ದ ಅಂದಿನ ಸೈಕಲ್ಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ. ಯುರೋಪು, ಪರ್ಷಿಯಾ, ಲಾಹೋರಿನಿಂದ ಕಲ್ಕತ್ತೆಯವರೆಗಿನ ಗ್ರ್ಯಾಂಡ್ ಟ್ರಂಕ್ ರಸ್ತೆ, ಚೀನಾ ಎಲ್ಲ ದಾಟಿ 1886ರ ಡಿಸೆಂಬರ್‌ನಲ್ಲಿ ಜಪಾನಿನ ಯೋಕೋಹಾಮಾ ಮುಟ್ಟಿದ. ಅಂದಿನಿಂದ ಇಂದಿನವರೆಗೆ ಹೀಗೆ ಹೋಗಿಬಂದವರು ಬರೆದ ಪುಸ್ತಕಗಳು ನೂರಾರು. ಅವುಗಳಲ್ಲಿ ಹೆಚ್ಚಿನವು ಊರ ಬಾಗಿಲಿಗೆ ಬಂದು ನಿಂತುಬಿಡುತ್ತವೆ. ಆಮೇಲೇನಾಯಿತು ಎಂಬುದನ್ನು ಅವರ ಮುಂದಿನ ಬದುಕಿನಿಂದ ಹೆಕ್ಕಿ ತೆಗೆಯಬೇಕು. ಹಾಗೆ ಹೆಕ್ಕಿ ನೋಡಿದರೆ, ದಾರಿಯಲ್ಲಿ ರೂಢಿಯಾದ ಕ್ರಮಕ್ಕೆ ಊರಿನಲ್ಲೂ ಏನಾದರೊಂದು ಕೆಲಸ ಕೊಟ್ಟವರು ಬೇಗ ನೆಲೆಗೊಂಡಿರುವುದು ಕಾಣುತ್ತದೆ. ಪ್ರಯಾಣವನ್ನು ಮುಗಿದ ಅಧ್ಯಾಯವೆಂದು ಕಟ್ಟಿ ಅಟ್ಟಕ್ಕೆ ಹಾಕಿದವರಿಗೂ, ಅದನ್ನು ಮುಗಿಸಲು ಮನಸ್ಸೇ ಬಾರದವರಿಗೂ ಮರಳುವಿಕೆ ಕಷ್ಟವಾಯಿತು.

ಮೊದಲ ವಾರಗಳ ಮೈ

ಮರಳಿದ್ದು ಮೊದಲು ತಿಳಿಯುವುದು ಹೊಟ್ಟೆಗೆ. 20–30 ಕಿಲೋ ಸಾಮಾನು ಹೇರಿಕೊಂಡು ದಿನಕ್ಕೆ 80–100 ಕಿ.ಮೀ. ತುಳಿಯುವವರಿಗೆ, ಕುರ್ಚಿಯ ಕೆಲಸದವರಿಗೆ ಬೇಕಾದ ಆಹಾರದ ಎರಡರಷ್ಟು ಬೇಕಾಗುವುದುಂಟು. ಸೈಕಲ್ ನಿಂತ ಮಾತ್ರಕ್ಕೆ ಹಸಿವು ನಿಲ್ಲುವುದಿಲ್ಲ. ಅದರ ಮೇಲೆ, ಬಡಕಲಾಗಿ ಕಪ್ಪಗಾಗಿ ಬಂದ ಮಗನನ್ನೋ ಮಗಳನ್ನೋ ಕಂಡು ಮನೆಯವರು ದೃಷ್ಟಿ ತೆಗೆದು, ಹೋಳಿಗೆಗೆ ತುಪ್ಪ ಹಾಕಿ ಬಡಿಸತೊಡಗುತ್ತಾರೆ. ದಾರಿಯಲ್ಲಿ ಸಡಿಲವಾಗಿದ್ದ ಪ್ಯಾಂಟು ಎರಡನೆಯ ತಿಂಗಳಿಗೆ ಬಿಗಿಯಾಗುತ್ತದೆ. ಊಟ ಕಡಿಮೆ ಮಾಡುವುದಕ್ಕಿಂತ ತುಳಿಯುವುದನ್ನು ಮೆಲ್ಲನೆ ಇಳಿಸುತ್ತ ಬರುವುದು ಸುಲಭ: ಮೊದಲ ಕೆಲವು ವಾರ ದಿನಕ್ಕೊಂದು ಗಂಟೆಯಾದರೂ ಸೈಕಲ್ ಮೇಲಿದ್ದರೆ ಹಸಿವೂ ಅದಕ್ಕೆ ತಕ್ಕಂತೆ ಇಳಿಯಲು ಕಾಲಾವಕಾಶ ಸಿಗುತ್ತದೆ.

ಗಳಿಸಿದ ಕಸುವು ಎಷ್ಟು ದಿನ ಉಳಿಯುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ವ್ಯಾಯಾಮ ವಿಜ್ಞಾನಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ತಿಂಗಳುಗಟ್ಟಲೆ ಕಠಿಣ ತಾಲೀಮು ಮಾಡಿದ್ದವರು ಅದನ್ನು ಪೂರ್ತಿ ನಿಲ್ಲಿಸಿದಾಗ, ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ 21 ದಿನಗಳಲ್ಲಿ ಶೇ 7ರಷ್ಟು, 84 ದಿನಗಳಲ್ಲಿ ಶೇ 16ರಷ್ಟು ಕುಸಿಯಿತು. ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಮೊದಲ ಹನ್ನೆರಡು ದಿನಗಳಲ್ಲೇ ತಗ್ಗಿತು. ಆದರೆ ತಾಲೀಮಿನಿಂದ ಸ್ನಾಯುಗಳಲ್ಲಿ ಹೆಚ್ಚಿದ್ದ ಸೂಕ್ಷ್ಮ ರಕ್ತನಾಳಗಳು ಅಷ್ಟೂ ದಿನ ಉಳಿದುಕೊಂಡಿದ್ದವು. ಮೂರು ವಾರ ಸೋಫಾದ ಮೇಲೆ ಕಳೆದು ಮತ್ತೆ ಸೈಕಲ್ ಏರಿದವರಿಗೆ ಹಳೆಯ ಏರುದಾರಿಯಲ್ಲಿ ಏದುಸಿರು ಬಂದರೆ ಗಾಬರಿಯಾಗಬೇಕಿಲ್ಲ. ಕಸುವು ಕರಗಲು ಶುರುವಾಗಿರುತ್ತದೆ, ಪೂರ್ತಿ ಬಿಟ್ಟುಹೋಗಿರುವುದಿಲ್ಲ.

ಕೈಗಳದ್ದು ಬೇರೆಯೇ ಕಥೆ. ತಾಸುಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಹಾಕಿದ್ದರಿಂದ ಅಂಗೈಯ ಹೊರ ಅಂಚಿನಲ್ಲಿ ಹಾಯುವ ಅಲ್ನಾರ್ ನರ ಒತ್ತಿಕೊಂಡು, ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದಂತಾಗುತ್ತವೆ. ದಾರಿಯಲ್ಲಿ ಬ್ರೇಕ್ ಹಿಡಿಯಲು ಅಡ್ಡಿಯಾಗದ ಈ ಕೊರತೆ ಮನೆಯಲ್ಲಿ ಎದ್ದು ಕಾಣುತ್ತದೆ: ಅಂಗಿಯ ಗುಂಡಿ ಹಾಕುವಾಗ, ಬೀಗದ ಕೈ ತಿರುಗಿಸುವಾಗ, ಸಾರಿನಲ್ಲಿ ಅದ್ದಲು ಮುದ್ದೆ ಮುರಿಯುವಾಗ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಕೆಲವರಿಗೆ ಕೆಲವು ತಿಂಗಳುಗಳಲ್ಲಿ ಇದು ಸರಿಹೋಗುತ್ತದೆ. ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಮೂಳೆಗಳ ವಿಷಯವನ್ನು ಹಲವರು ಮರೆಯುತ್ತಾರೆ. ಸೈಕಲ್ಲಿನಲ್ಲಿ ಮೈಭಾರವನ್ನು ಹೊರುವುದು ಸೀಟು. ಆದ್ದರಿಂದ ಹೃದಯ, ತೊಡೆ ಎಷ್ಟು ಗಟ್ಟಿಯಾದರೂ ಮೂಳೆಗೆ ಅಷ್ಟೇ ಪ್ರಮಾಣದ ತಾಲೀಮು ಸಿಕ್ಕಿರುವುದಿಲ್ಲ. ಮರಳಿದ ಮೇಲೆ ನಡಿಗೆ, ಮೆಟ್ಟಿಲು ಹತ್ತುವುದು, ಒಂದಿಷ್ಟು ಭಾರ ಎತ್ತುವುದು ಇದಕ್ಕಾಗಿಯೇ ಬೇಕು.

ನಿದ್ದೆ ಕೊನೆಗೆ ಬದಲಾಗುತ್ತದೆ. ಟೆಂಟಿನಲ್ಲಿ ಮಲಗಿದವರು ಬೆಳಕಿನ ಜೊತೆ ಏಳುತ್ತಾರೆ, ಕತ್ತಲಾದ ಸ್ವಲ್ಪ ಹೊತ್ತಿಗೆ ಮಲಗುತ್ತಾರೆ. ಕೊಲರಾಡೋ ವಿಶ್ವವಿದ್ಯಾಲಯದ ಕೆನೆತ್ ರೈಟ್ ತಂಡ ಕೆಲವರನ್ನು ವಿದ್ಯುತ್ ದೀಪವಿಲ್ಲದೆ ಒಂದು ವಾರ ಬೆಟ್ಟದ ಶಿಬಿರದಲ್ಲಿ ಇರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ದೇಹದ ಗಡಿಯಾರ ಸೂರ್ಯನ ಹೊತ್ತಿಗೆ ಹೊಂದಿಕೊಂಡು ಸುಮಾರು ಎರಡು ಗಂಟೆ ಹಿಂದೆ ಸರಿದದ್ದು ಕಂಡುಬಂತು. ಟ್ಯೂಬ್‌ಲೈಟು, ಮೊಬೈಲು, ರಾತ್ರಿ ಹನ್ನೊಂದರ ಊಟ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತವೆ. ಮರಳಿದ ಹಲವರು ಬೆಳಗಿನ ಐದಕ್ಕೆ ಎಚ್ಚರಗೊಂಡು, ಮನೆಯೆಲ್ಲ ಮಲಗಿರುವಾಗ ಏನು ಮಾಡಬೇಕೆಂದು ತೋಚದೆ ಕೂರುತ್ತಾರೆ. ಬೆಳಗಿನ ಈ ಒಂದು ಗಂಟೆಯನ್ನು ಬಿಟ್ಟುಕೊಡದೆ ಉಳಿಸಿಕೊಂಡವರಿಗೆ ಮುಂದಿನ ಹೊಂದಾಣಿಕೆಯಲ್ಲಿ ಅದೇ ನೆರವಾಗುತ್ತದೆ.

ಸೈಕಲ್ಲಿನ ಓವರಾಯ್ಲಿಂಗ್

ಸವಾರರಷ್ಟೇ ದಣಿದು ಬಂದಿರುವುದು ಸೈಕಲ್. ಬಂದ ವಾರವೇ ಅದನ್ನು ಬಿಚ್ಚಿ ತೊಳೆಯದಿದ್ದರೆ, ಬಾಲ್ಕನಿಯಲ್ಲಿ ಒರಗಿಸಿಟ್ಟಲ್ಲೇ ತುಕ್ಕು ಹಿಡಿಯುತ್ತದೆ; ಕರಾವಳಿಯ ಮಳೆಗಾಲದಲ್ಲಂತೂ ಚೈನು ಕೆಂಪಗಾಗಲು ಹೆಚ್ಚು ದಿನ ಬೇಡ. ಅಂಗಡಿಯಲ್ಲಿ ಓವರಾಯ್ಲಿಂಗ್ ಎಂದು ಕರೆಯುವ ಈ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಹಳೆಯ ತಟ್ಟೆಯೊಂದಕ್ಕೆ ಸೀಮೆಎಣ್ಣೆ ಸುರಿದು, ಹಿಂದಿನ ಚಕ್ರದ ಹಬ್ ಬಿಚ್ಚಿದರೆ ಗ್ರೀಸು ಮೊದಲು ಇದ್ದ ಬಣ್ಣದಲ್ಲಿ ಇರುವುದಿಲ್ಲ. ದಾರಿಯ ಧೂಳು, ಹೊಳೆ ದಾಟುವಾಗ ಸೇರಿದ ಮರಳು ಕೂಡಿ ಬೂದು ಬಣ್ಣದ ಮುದ್ದೆಯಾಗಿರುತ್ತದೆ. ಹಳೆ ಮಾದರಿಯ ಹಬ್ಬಿನಲ್ಲಿ ಸಾಮಾನ್ಯವಾಗಿ ಒಂದೊಂದು ಬದಿಗೆ ಒಂಬತ್ತರಂತೆ ಬಾಲ್ಸ್ ಇರುತ್ತವೆ. ತೊಳೆದು ಬೆಳಕಿಗೆ ಹಿಡಿದಾಗ ಮೈಮೇಲೆ ಚುಕ್ಕೆಯಂಥ ಗುಳಿ ಕಂಡವನ್ನು ಎಸೆದು, ಆ ಬದಿಯ ಅಷ್ಟನ್ನೂ ಹೊಸದಾಗಿ ಕೂರಿಸಬೇಕು.

ಚೈನು ಸವೆದಿದೆಯೇ ಎಂದು ಸ್ಕೇಲಿನಿಂದಲೇ ನೋಡಬಹುದು. ಹೊಸ ಚೈನಿನ 24 ಕೊಂಡಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಇಂಚು. ಅದರ ಮೇಲೆ ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸುವ ಹೊತ್ತು. ಹಾಗೇ ಬಿಟ್ಟರೆ ಅದು ಹಿಂದಿನ ಹಲ್ಲುಚಕ್ರವನ್ನೂ ತಿನ್ನುತ್ತದೆ. ಟೈರಿನ ಬದಿಯ ಸೀಳು, ರಿಮ್ಮಿನ ಸವಕಳಿ, ಸಡಿಲವಾದ ಕಡ್ಡಿ, ಕ್ಯಾರಿಯರಿನ ಬೆಸುಗೆಯಲ್ಲಿ ಬಿಟ್ಟ ಬಿರುಕು ಇವನ್ನೂ ಈಗಲೇ ನೋಡಬೇಕು. ಪ್ರಯಾಣದ ಕೊನೆಯ ದಿನ ಒದ್ದೆಯಾಗಿಯೇ ಮಡಚಿಟ್ಟ ಟೆಂಟನ್ನು ತಾರಸಿಯ ಮೇಲೆ ಹರಡಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಈ ಕೆಲಸಗಳಿಗೆ ಎರಡು ಮೂರು ದಿನ ಹಿಡಿಯುತ್ತದೆ. ಬೆಳಗ್ಗೆ ಹಿಡಿದು ಸಂಜೆಗೆ ಮುಗಿಸಬಹುದಾದ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸವಾದ್ದರಿಂದ, ಪ್ರಯಾಣದ ದಿನಚರಿಯಿಂದ ಆಗಷ್ಟೇ ಹೊರಬಂದವರಿಗೆ ಇದು ಹೇಳಿ ಮಾಡಿಸಿದ ಕೆಲಸವೂ ಹೌದು.

ಕೇಳುವವರು

ಮರಳಿ ಬಂದವರನ್ನು ನೆರೆಹೊರೆಯವರು ಕೇಳುವ ಪ್ರಶ್ನೆಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಎಷ್ಟು ಖರ್ಚಾಯಿತು, ಎಷ್ಟು ಪಂಕ್ಚರ್ ಆಯಿತು, ರಾತ್ರಿ ಎಲ್ಲಿ ಮಲಗಿದೆ, ಬೈಕಿನಲ್ಲಾದರೂ ಹೋಗಬಹುದಿತ್ತಲ್ಲ, ರಜೆಗೆ ಸಂಬಳ ಕೊಟ್ಟರೇ. ಹತ್ತು ನಿಮಿಷದಲ್ಲಿ ಉತ್ತರಗಳು ಮುಗಿದು ಮಾತು ಮನೆ ಕಟ್ಟುವ ಸಾಲಕ್ಕೋ ಮಳೆಗೋ ಹೊರಳುತ್ತದೆ. ಇದು ತಾತ್ಸಾರವಲ್ಲ. ಕೇಳುವವರ ಕಣ್ಣಿಗೆ ಆ ದಾರಿಯ ಚಿತ್ರವಿಲ್ಲ. ಹಿಮಾಲಯದ ಬಾರಾಲಾಚಾ ಕಣಿವೆಮಾರ್ಗದ ಎದುರುಗಾಳಿ ಎಂದರೆ ಅದನ್ನು ಕಾಣದವರಿಗೆ ಬರಿಯ ಹೆಸರು. ಹೇಳುವವರಿಗೂ ದಿನಗಳು ಒಂದರ ಮೇಲೊಂದು ಕುಳಿತು, ಯಾವುದನ್ನು ಮೊದಲು ಎತ್ತಿಕೊಳ್ಳಬೇಕೋ ತಿಳಿಯುವುದಿಲ್ಲ.

ಹೊರನಾಡಿನಿಂದ ಮರಳಿದವರ ಈ ಇರುಸುಮುರುಸನ್ನು ಸಮಾಜವಿಜ್ಞಾನಿಗಳೂ ಗುರುತಿಸಿದ್ದಾರೆ. ಪರದೇಶಕ್ಕೆ ಹೋದವರ ಉತ್ಸಾಹ ಮೊದಲು ಎತ್ತರದಲ್ಲಿದ್ದು, ನಡುವೆ ಕುಸಿದು, ಒಗ್ಗಿದ ಮೇಲೆ ಮತ್ತೆ ಏರುತ್ತದೆ ಎಂಬ ಮಾತು 1950ರ ದಶಕದಲ್ಲೇ ಇತ್ತು. ಜಾನ್ ಮತ್ತು ಜೀನ್ ಗಲ್ಲಾಹಾರ್ನ್ ದಂಪತಿ 1963ರಲ್ಲಿ ಅದಕ್ಕೆ ಎರಡನೆಯ ಭಾಗ ಸೇರಿಸಿದರು: ಸ್ವದೇಶಕ್ಕೆ ಮರಳಿದ ಮೇಲೂ ಅದೇ ಇಳಿತ, ಅದೇ ಏರು ಇನ್ನೊಂದು ಸುತ್ತು ನಡೆಯುತ್ತದೆ. ಹೋಗುವಾಗ ಹೊಸತಕ್ಕೆ ಸಿದ್ಧರಾಗಿ ಹೋಗಿರುತ್ತಾರೆ. ಬರುವಾಗ ಎಲ್ಲವೂ ಬಿಟ್ಟುಹೋದಂತೆಯೇ ಇದ್ದೀತು ಎಂದುಕೊಂಡಿರುತ್ತಾರೆ. ಹಾಗಿರುವುದಿಲ್ಲ. ಗೆಳೆಯರು ಕೆಲಸ ಬದಲಿಸಿರುತ್ತಾರೆ, ಮಗುವಿಗೆ ಹಲ್ಲು ಬಂದಿರುತ್ತದೆ, ಅಜ್ಜಿಗೆ ಕಿವಿ ಮಂದವಾಗಿರುತ್ತದೆ, ಮನೆಯ ಲೆಕ್ಕಪತ್ರ ನೋಡಿಕೊಳ್ಳಲು ಇನ್ನೊಬ್ಬರು ಕಲಿತಿರುತ್ತಾರೆ. ಆ ತಿಂಗಳುಗಳಲ್ಲಿ ಮನೆಯವರು ಒಬ್ಬರೇ ಹೊತ್ತದ್ದನ್ನು ಕೇಳಿ ತಿಳಿಯುವುದು, ತಾವು ಕಂಡದ್ದನ್ನು ಹೇಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಹೊಟ್ಟೆಪಾಡು

ಮಾತು ಮುಗಿದ ಮೇಲೆ ಉಳಿಯುವುದು ದುಡ್ಡಿನ ಪ್ರಶ್ನೆ. ಕೂಡಿಟ್ಟ ಹಣ ದಾರಿಯಲ್ಲಿ ಕರಗಿರುತ್ತದೆ. ಕೆಲಸ ಬಿಟ್ಟು ಹೋದವರ ಬಯೋಡೇಟಾದಲ್ಲಿ ಒಂದು ವರ್ಷ ಖಾಲಿ ಬಿದ್ದಿರುತ್ತದೆ. ಸಂಬಳವಿಲ್ಲದ ರಜೆ ಹಾಕಿ ಹೋದವರ ಮೇಜಿನ ಮೇಲೆ ಹೊಸ ಮ್ಯಾನೇಜರರ ಹೊಸ ಪದ್ಧತಿ ಕಾದಿರುತ್ತದೆ. ಪ್ರಯಾಣವನ್ನೇ ಜೀವನೋಪಾಯ ಮಾಡಿಕೊಳ್ಳಬಹುದೇ ಎಂಬ ಆಸೆ ಹುಟ್ಟುವುದು ಆಗಲೇ. ಆ ಹಾದಿ ಹಿಡಿದ ಮೊದಲಿಗ ಸ್ಟೀವನ್ಸ್. ಎರಡು ಸಂಪುಟಗಳಲ್ಲಿ ಕಥೆ ಪ್ರಕಟಿಸಿದ ಮೇಲೆ ಪತ್ರಿಕೆಯೊಂದರ ಪರವಾಗಿ ಪೂರ್ವ ಆಫ್ರಿಕಾಕ್ಕೆ ಹೋದ, ಕುದುರೆಯ ಮೇಲೆ ರಷ್ಯಾ ಸುತ್ತಿದ, ಕೊನೆಗೆ ಲಂಡನ್ನಿನ ಗ್ಯಾರಿಕ್ ಥಿಯೇಟರಿನ ವ್ಯವಸ್ಥಾಪಕನಾಗಿ ಒಂದೆಡೆ ನಿಂತ. ಸೈಕಲ್ಲಿನಲ್ಲಿ ಮತ್ತೆ ಲೋಕ ಸುತ್ತಲಿಲ್ಲ.

ಆನಿ ಲಂಡನ್‌ಡೆರಿ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ಆನಿ ಕೊಹೆನ್ ಕೊಪ್ಚೋವ್ಸ್ಕಿಯದು ಇನ್ನೊಂದು ಬಗೆ. ಬಾಸ್ಟನ್ನಿನ ಈ ಯಹೂದಿ ಗೃಹಿಣಿ 1894ರಲ್ಲಿ ಗಂಡ ಮತ್ತು ಮೂವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು, ನೀರಿನ ಕಂಪನಿಯೊಂದರ ಜಾಹೀರಾತು ಫಲಕವನ್ನು ಸೈಕಲ್ಲಿಗೆ ಕಟ್ಟಿಕೊಂಡು, ಅದೇ ಕಂಪನಿಯ ಹೆಸರನ್ನು ತಮ್ಮದಾಗಿಸಿಕೊಂಡು ಹೊರಟರು. 1895ರ ಸೆಪ್ಟೆಂಬರ್‌ನಲ್ಲಿ ಮರಳಿದ ಮೇಲೆ ಸಂಸಾರದೊಂದಿಗೆ ನ್ಯೂಯಾರ್ಕಿಗೆ ಹೋಗಿ, ಅಲ್ಲಿನ ‘ವರ್ಲ್ಡ್’ ಪತ್ರಿಕೆಗೆ ‘ಹೊಸ ಹೆಣ್ಣು’ ಎಂಬ ಅಂಕಿತದಲ್ಲಿ ಬರೆದರು. ಆ ಬರವಣಿಗೆ ಹೆಚ್ಚು ಕಾಲ ನಡೆಯಲಿಲ್ಲ. ಸಂಸಾರದಲ್ಲಿ ಬೆರೆತುಹೋದ ಅವರು 1947ರಲ್ಲಿ ತೀರಿಕೊಂಡಾಗ ಆ ಪ್ರಯಾಣ ಹೆಚ್ಚಿನವರಿಗೆ ಮರೆತೇಹೋಗಿತ್ತು. ವಂಶದವರೇ ಆದ ಪೀಟರ್ ಝೂಟ್ಲಿನ್ ಅವರ ಬಗ್ಗೆ ಪುಸ್ತಕ ಬರೆದದ್ದು 2007ರಲ್ಲಿ.

ಈ ಎರಡರ ನಡುವೆ ಹದವಾದ ದಾರಿ ಕಂಡುಕೊಂಡವರು ಐರ್ಲೆಂಡಿನ ಡರ್ವ್ಲಾ ಮರ್ಫಿ. ಹತ್ತನೆಯ ಹುಟ್ಟುಹಬ್ಬಕ್ಕೆ ಸೈಕಲ್ ಮತ್ತು ಭೂಪಟಗಳ ಪುಸ್ತಕ ಉಡುಗೊರೆಯಾಗಿ ಸಿಕ್ಕಿದಾಗಲೇ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗಬೇಕೆಂದುಕೊಂಡಿದ್ದ ಅವರು, ಹಾಸಿಗೆ ಹಿಡಿದ ತಾಯಿಯ ಆರೈಕೆಗಾಗಿ ಹದಿನಾಲ್ಕಕ್ಕೇ ಶಾಲೆ ಬಿಟ್ಟು, ತಾಯಿ ತೀರಿಕೊಳ್ಳುವವರೆಗೂ ಮನೆಯಲ್ಲೇ ಇದ್ದರು. 1963ರ ಜನವರಿಯಲ್ಲಿ ಹೊರಟು, ಕೊರೆಯುವ ಚಳಿಯಲ್ಲಿ ಯುರೋಪು ದಾಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ಅದೇ ಬೇಸಿಗೆಯಲ್ಲಿ ದಿಲ್ಲಿ ಸೇರಿದರು. ಅಲ್ಲಿಂದ ನೇರ ಮನೆಗೆ ಹೋಗದೆ ಧರ್ಮಶಾಲಾದ ಟಿಬೆಟಿನ ನಿರಾಶ್ರಿತ ಮಕ್ಕಳ ಶಿಬಿರದಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿದರು. ಪೆಡಲ್ ನಿಂತರೂ ಕೈಗೆ ಕೆಲಸವಿತ್ತು. ಪ್ರಯಾಣ ಮತ್ತು ಮನೆಯ ನಡುವೆ ಒಂದು ಮೆಟ್ಟಿಲು ಸಿಕ್ಕಿತು. ದಾರಿಯುದ್ದಕ್ಕೂ ಬರೆದ ದಿನಚರಿ 1965ರಲ್ಲಿ ‘ಫುಲ್ ಟಿಲ್ಟ್’ ಪುಸ್ತಕವಾಯಿತು.

ಮರ್ಫಿಯವರ ನೆಲೆಗೊಳ್ಳುವಿಕೆಯಲ್ಲಿ ಕರ್ನಾಟಕದ ಪಾಲೂ ಇದೆ. 1968ರಲ್ಲಿ ಮಗಳು ರೇಚಲ್ ಹುಟ್ಟಿದ ಮೇಲೆ ಅವರು ದೂರದ ಪ್ರಯಾಣಗಳನ್ನು ನಿಲ್ಲಿಸಿ, ಪುಸ್ತಕ ವಿಮರ್ಶೆ ಬರೆಯುತ್ತ ಹುಟ್ಟೂರು ಲಿಸ್ಮೋರಿನಲ್ಲಿ ಉಳಿದರು. ಮಗಳಿಗೆ ಐದು ತುಂಬುವ ಹೊತ್ತಿಗೆ, 1973ರ ಕೊನೆಯಲ್ಲಿ, ಅವಳನ್ನು ಕರೆದುಕೊಂಡು ಮುಂಬಯಿಯಿಂದ ದಕ್ಷಿಣಕ್ಕೆ ಬಸ್ಸು, ರೈಲುಗಳಲ್ಲಿ ಬಂದರು. ಕೊಡಗಿನ ವಿರಾಜಪೇಟೆಯ ಹತ್ತಿರದ ದೇವಣಗೇರಿಯಲ್ಲಿ ಮನೆ ಮಾಡಿಕೊಂಡು, ಆ ಊರಿನವರ ಹಾಗೆಯೇ ದಿನ ಕಳೆದರು. 1976ರಲ್ಲಿ ಬಂದ ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ ಆ ವಾಸ್ತವ್ಯದ ಕಥೆ. ಒಬ್ಬಂಟಿ ಸೈಕಲ್ ಸವಾರಿಗೆ ಹೆಸರಾದವರು ಒಂದು ಮಗುವಿನ ನಡಿಗೆಯ ವೇಗಕ್ಕೆ ಇಳಿದು, ಒಂದೇ ಊರಿನಲ್ಲಿ ನಿಂತು ನೋಡಲು ಕಲಿತದ್ದು ಈ ಪುಸ್ತಕದ ವಿಶೇಷ. 2022ರಲ್ಲಿ ತೀರಿಕೊಳ್ಳುವವರೆಗೂ ಅವರು ಹೊರಟದ್ದು ಲಿಸ್ಮೋರಿನಿಂದ, ಮರಳಿದ್ದು ಲಿಸ್ಮೋರಿಗೆ.

ಬರವಣಿಗೆ

ದಾರಿಯ ಅನುಭವವನ್ನು ಬರೆದು ಮುಗಿಸುವುದು ಮರಳುವಿಕೆಯ ದೊಡ್ಡ ಭಾಗ, ಆದರೆ ಅದಕ್ಕೆ ಹಿಡಿಯುವ ಕಾಲಕ್ಕೆ ಲೆಕ್ಕವಿಲ್ಲ. 1923ರ ಅಕ್ಟೋಬರ್ 15ರಂದು ಮುಂಬಯಿಯ ಆರು ಪಾರ್ಸಿ ತರುಣರು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟರು. ಎಲ್ಲರೂ ಭಾರ ಎತ್ತುವ ಕಸರತ್ತಿನವರು. ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗಾರಾ ಈ ಮೂವರು 71,000 ಕಿ.ಮೀ. ತುಳಿದು 1928ರ ಮಾರ್ಚ್ 18ರಂದು ಮುಂಬಯಿಗೆ ಮರಳಿದರು. ಅವರ ಪುಸ್ತಕ ‘ವಿತ್ ಸೈಕ್ಲಿಸ್ಟ್ಸ್ ಅರೌಂಡ್ ದ ವರ್ಲ್ಡ್’, ಜವಾಹರಲಾಲ್ ನೆಹರೂ ಅವರ ಮುನ್ನುಡಿಯೊಂದಿಗೆ ಹೊರಬಂದದ್ದು 1931ರಲ್ಲಿ. ನಾಲ್ಕೂವರೆ ವರ್ಷದ ದಾರಿಗೆ ಮೂರು ವರ್ಷದ ಬರವಣಿಗೆ, ಮುದ್ರಣ ಜೊತೆಯಾಯಿತು. ಆ ಬಳಿಕ ದಶಕಗಳ ಕಾಲ ಈ ಮೂವರ ಸಾಹಸ ಸಾರ್ವಜನಿಕ ನೆನಪಿನಿಂದ ಮರೆಯಾಗಿತ್ತು.

ಕಲ್ಕತ್ತೆಯ ಬಿಮಲ್ ಮುಖರ್ಜಿ 1926ರಲ್ಲಿ ಮೂವರು ಜೊತೆಗಾರರೊಂದಿಗೆ ಹೊರಟು 1937ರಲ್ಲಿ ಮರಳಿದರು. ಬಂಗಾಳಿಯಲ್ಲಿ ಅವರು ಬರೆದ ‘ದು ಚಾಕಾಯ್ ದುನಿಯಾ’ ಪ್ರಕಟವಾದದ್ದು 1986ರಲ್ಲಿ, ಅಂದರೆ ಸುಮಾರು ಅರ್ಧ ಶತಮಾನದ ಮೇಲೆ. ಅಷ್ಟು ಕಾಲ ಆ ದಾರಿ ಒಬ್ಬ ಸಂಸಾರಸ್ಥನ ತಲೆಯಲ್ಲಿ, ಹಳೆಯ ಕಾಗದಗಳಲ್ಲಿ ಉಳಿದಿತ್ತು. ಬೇಗ ಬರೆದ ಕಥನದಲ್ಲಿ ಊರುಗಳ ಹೆಸರು, ದೂರ, ಬಿಸಿಲು ಚಳಿಗಳ ವಿವರ ತಾಜಾ ಆಗಿರುತ್ತವೆ. ತಡವಾಗಿ ಬರೆದದ್ದರಲ್ಲಿ ಅವು ಮಾಸಿ, ಆ ಪ್ರಯಾಣ ಬದುಕಿಗೆ ಏನಾಯಿತೆಂಬುದು ಕಾಣತೊಡಗುತ್ತದೆ. ಎರಡೂ ಬೇಕಾದರೆ ಮರಳಿದ ಮೊದಲ ತಿಂಗಳಲ್ಲೇ ದಿನಚರಿಯ ಬಿಡಿ ಹಾಳೆ, ಫೋಟೊ, ರಸೀದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಡಬೇಕು. ಪುಸ್ತಕ ಆಮೇಲೆ ಯಾವಾಗಲಾದರೂ ಆದೀತು.

ಜೋಡಿಸುವುದೇ ಕೆಲಸವಾಗಿಬಿಟ್ಟ ಉದಾಹರಣೆಯೂ ಇದೆ. ಜರ್ಮನಿಯ ಹೋವೆಲ್‌ಹೋಫ್ ಎಂಬ ಸಣ್ಣ ಊರಿನ ಹೈನ್ಸ್ ಸ್ಟ್ಯೂಕೆ ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ತಯಾರಿಸುವ ಕೆಲಸ ಕಲಿತಿದ್ದವರು. 1962ರಲ್ಲಿ ಮೂರು ಗೇರಿನ ಭಾರದ ಸೈಕಲ್ ಏರಿ ಹೊರಟರು. ಮರಳಿದರೆ ಮತ್ತೆ ಅದೇ ಕಾರ್ಖಾನೆ ಎಂಬ ಅಳುಕಿಗೆ ವರ್ಷದ ಮೇಲೆ ವರ್ಷ ಮುಂದಕ್ಕೇ ಹೋಗುತ್ತ, ತಮ್ಮ ಕಥೆಯ ಕಿರುಹೊತ್ತಗೆ, ಫೋಟೊಗಳನ್ನು ಮಾರಿ ಹೊಟ್ಟೆ ಹೊರೆದರು. ಐದು ದಶಕಗಳಲ್ಲಿ ಆರು ಲಕ್ಷ ಕಿ.ಮೀ. ದಾಟಿದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಹೋವೆಲ್‌ಹೋಫಿಗೇ ಬಂದು ನೆಲೆಸಿದರು. ಅಲ್ಲಿ ಅವರಿಗೆ ಕಾದಿದ್ದ ಕೆಲಸವೆಂದರೆ ಆ ಅರ್ಧ ಶತಮಾನದಲ್ಲಿ ತೆಗೆದ ಲಕ್ಷದಷ್ಟು ಚಿತ್ರಗಳನ್ನು ಒಂದು ಕ್ರಮಕ್ಕೆ ತರುವುದು.

ಮರಳದವರು

ಎಲ್ಲರೂ ಮರಳುವುದಿಲ್ಲ. ಮುಂಬಯಿಯ ಆರು ಜನರಲ್ಲಿ ನಾರಿಮನ್ ಕಪಾಡಿಯಾ ಟೆಹರಾನಿನಿಂದಲೇ ಹಿಂದಿರುಗಿದರು. ಗುಸ್ತಾದ್ ಹಾಥಿರಾಮ್ ಅಮೆರಿಕ ಹಿಡಿಸಿ ಅಲ್ಲಿಯೇ ಉಳಿದರು; ಅದರಿಂದ ಬೇಸರಗೊಂಡ ಕೇಕಿ ಪೋಚ್‌ಖಾನಾವಾಲಾ ಅಲ್ಲಿಂದ ಊರಿನ ದಾರಿ ಹಿಡಿದರು. ಒಂದೇ ದಿನ, ಒಂದೇ ಊರಿನಿಂದ ಹೊರಟ ಆರು ಮಂದಿಗೆ ಮನೆಯ ಸೆಳೆತ ಹೀಗೆ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ರೀತಿಯಲ್ಲಿ ತೀರ್ಮಾನವಾಯಿತು.

ಒಡಿಶಾದ ಚಿತ್ರಕಾರ ಪ್ರದ್ಯುಮ್ನ ಕುಮಾರ್ ಮಹಾನಂದಿಯಾ ಅವರದ್ದು ಹೋಗಿ ಸೇರಿದ ಊರೇ ಮನೆಯಾದ ಕಥೆ. ದಿಲ್ಲಿಯಲ್ಲಿ ಪರಿಚಯವಾಗಿ ಮದುವೆಯಾದ ಸ್ವೀಡನ್ನಿನ ಷಾರ್ಲೊಟ್ಟೆ ಫೋನ್ ಷೆಡ್ವಿನ್ ಅವರನ್ನು ಸೇರಲು 1977ರ ಜನವರಿಯಲ್ಲಿ ಹೊರಟು, ಹೆಚ್ಚಿನ ದಾರಿಯನ್ನು ಸೈಕಲ್ಲಿನಲ್ಲಿ ಕ್ರಮಿಸಿ ಮೇ ತಿಂಗಳಲ್ಲಿ ಸ್ವೀಡನ್ ತಲುಪಿದರು. ಆಮೇಲೆ ಅಲ್ಲಿ ಚಿತ್ರಕಲೆಯ ಶಿಕ್ಷಕರಾಗಿ, ಇಬ್ಬರು ಮಕ್ಕಳ ತಂದೆಯಾಗಿ ಬದುಕು ಕಟ್ಟಿದರು. ನಾಲ್ಕು ತಿಂಗಳ ಸವಾರಿಗೆ ಸಿಕ್ಕ ಪ್ರಚಾರದ ಹಿಂದೆ, ಪರಭಾಷೆಯ ನಾಡಿನಲ್ಲಿ ದಿನದಿನವೂ ಕೆಲಸಕ್ಕೆ ಹೋಗಿಬಂದ ದಶಕಗಳಿವೆ. ಇಂಗ್ಲೆಂಡಿನ ಆ್ಯನ್ ಮುಸ್ಟೋ ಇನ್ನೊಂದು ತುದಿ. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದ ಅವರು, ರಾಜಸ್ಥಾನದ ಮರುಭೂಮಿಯಲ್ಲಿ ಬಸ್ಸಿನ ಕಿಟಕಿಯಿಂದ ಒಬ್ಬ ಸೈಕಲ್ ಸವಾರನನ್ನು ಕಂಡು, ಐವತ್ತು ದಾಟಿದ ಮೇಲೆ ಕೆಲಸ ಬಿಟ್ಟು 1987ರಲ್ಲಿ ಹೊರಟರು. ಮರಳಿ ಬಂದು ಪುಸ್ತಕ ಬರೆಯುವುದು, ಮತ್ತೆ ಹೊರಡುವುದು, ಇದೇ ಅವರ ನಿತ್ಯಜೀವನವಾಯಿತು. 2009ರಲ್ಲಿ ಅಂಥದೊಂದು ಪ್ರಯಾಣದಲ್ಲಿರುವಾಗಲೇ ಸಿರಿಯಾದ ಅಲೆಪ್ಪೋದಲ್ಲಿ ತೀರಿಕೊಂಡರು.

ದಿನನಿತ್ಯದ ಸೈಕಲ್

ಹೋದಲ್ಲೇ ನೆಲೆಸುವುದು, ಮತ್ತೆ ಮತ್ತೆ ಹೊರಡುತ್ತಲೇ ಇರುವುದು, ಹೆಚ್ಚಿನವರಿಗೆ ಸಾಧ್ಯವಿರುವುದು ಇವೆರಡೂ ಅಲ್ಲ. ಅವರ ಮುಂದೆ ಕೆಲಸವಿದೆ, ಮನೆಯಿದೆ, ವಾರಕ್ಕೊಂದು ಭಾನುವಾರವಿದೆ. ಈ ಅಳತೆಗೆ ತಕ್ಕ ಉಪಾಯವನ್ನು ಚೆನ್ನಾಗಿ ಯೋಚಿಸಿದವರು ಇಂಗ್ಲೆಂಡಿನ ಅಲಸ್ಟೇರ್ ಹಂಫ್ರೀಸ್. 2001ರಿಂದ 2005ರವರೆಗೆ ಐದು ಖಂಡಗಳ 60 ದೇಶಗಳಲ್ಲಿ ಸುಮಾರು 74,000 ಕಿ.ಮೀ. ತುಳಿದವರು ಅವರು. ಮುಂದೆ ಅವರು ಹೆಸರಾದದ್ದು ಕಿರುಸಾಹಸಗಳ ಪ್ರಚಾರಕ್ಕೆ: ಕಚೇರಿ ಬಿಡುವ ಸಂಜೆ ಐದರಿಂದ ಮತ್ತೆ ಕಚೇರಿ ಸೇರುವ ಬೆಳಗಿನ ಒಂಬತ್ತರವರೆಗಿನ ಹದಿನಾರು ಗಂಟೆಯಲ್ಲಿ ಹತ್ತಿರದ ಗುಡ್ಡಕ್ಕೆ ಹೋಗಿ, ಬಯಲಲ್ಲಿ ಮಲಗಿ, ಹೊಳೆಯಲ್ಲಿ ಮಿಂದು ಕೆಲಸಕ್ಕೆ ಬರುವುದು. ಈ ಬಗ್ಗೆ 2014ರಲ್ಲಿ ಪುಸ್ತಕ ತಂದರು. 2024ರಲ್ಲಿ ಬಂದ ‘ಲೋಕಲ್’ನಲ್ಲಿ ಇನ್ನೂ ಹತ್ತಿರಕ್ಕೆ ಬಂದು, ತಮ್ಮ ಮನೆಯ ಸುತ್ತಲಿನ ಒಂದೇ ಒಂದು ನಕಾಶೆಯ ಹಾಳೆಯೊಳಗೆ ವರ್ಷವಿಡೀ ಸುತ್ತಿದ್ದನ್ನು ಬರೆದರು.

ಬೆಂಗಳೂರಿನ ಸೈಕಲ್ ಸವಾರರು ಇದನ್ನು ನಂದಿಬೆಟ್ಟದ ದಾರಿಯಲ್ಲಿ ಮಾಡುತ್ತ ಬಂದಿದ್ದಾರೆ. ನಗರದಿಂದ ಸುಮಾರು 60 ಕಿ.ಮೀ. ದೂರದ, 1,478 ಮೀಟರ್ ಎತ್ತರದ ಬೆಟ್ಟಕ್ಕೆ ಭಾನುವಾರ ಕತ್ತಲಿರುವಾಗಲೇ ಹೊರಟು, ತಿರುವುಗಳನ್ನು ಏರಿ, ಹೋಟೆಲಿನಲ್ಲಿ ಇಡ್ಲಿ ತಿಂದು ಮಧ್ಯಾಹ್ನದೊಳಗೆ ಮನೆ ಸೇರುವವರು ಬಹಳ. ದೊಡ್ಡ ಪ್ರಯಾಣ ಮಾಡಿ ಬಂದವರಿಗೆ ಈ ಗುಂಪುಗಳು ಒಳ್ಳೆಯ ಆಸರೆ. ಬಾರಾಲಾಚಾ ಎಂದರೆ ಎಲ್ಲಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಕಥೆಗೆ ಕಿವಿ ಸಿಗುತ್ತದೆ.

ಕೆಲಸದ ದಿನಗಳಲ್ಲಿ ಸೈಕಲ್ ಬಳಸುವುದು ಇದಕ್ಕಿಂತ ಕಷ್ಟ, ಮತ್ತು ಅದಕ್ಕೆ ರಸ್ತೆಯೊಂದೇ ಕಾರಣವಲ್ಲ. ದಾರಿಯಲ್ಲಿ ಸೈಕಲ್ಲಿನಿಂದಾಗಿ ಹೋದಲ್ಲೆಲ್ಲ ಜನ ಮುತ್ತಿ, ಚಹಾ ಕೊಟ್ಟು, ಮಾತಾಡಿಸುತ್ತಿದ್ದರು. ಊರಿನಲ್ಲಿ ಅದೇ ಸೈಕಲ್ಲನ್ನು ಕಂಡು ದೊಡ್ಡ ಕಟ್ಟಡದ ಸೆಕ್ಯುರಿಟಿಯವರು ಹಿಂದಿನ ಗೇಟು ತೋರಿಸುತ್ತಾರೆ. ಪೇಪರ್ ಹಾಕುವ ಹುಡುಗ, ಹಾಲಿನವರು, ಸೊಪ್ಪು ಮಾರುವವರು, ಗಾರೆ ಕೆಲಸದವರು ದಿನವೂ ಕಾಣುತ್ತ ಬಂದ ನಡವಳಿಕೆ ಇದು. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ಹುಡುಗಿಯರಿಗೆ ಅದು ಹೈಸ್ಕೂಲಿಗೆ ಹೋಗುವ ದಾರಿಯಾಗಿತ್ತು, ಸಾಹಸವಾಗಿರಲಿಲ್ಲ. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ವ್ಯವಸ್ಥೆಯೂ ದಿನನಿತ್ಯದ ಓಡಾಟಕ್ಕೆಂದೇ ಬಂದದ್ದು. ಲೋಕ ಸುತ್ತಿದ ಸವಾರರು ಈ ಸಾಲಿನಲ್ಲಿ ತಾವೂ ಒಬ್ಬರಾದಾಗ, ದಾರಿಯಲ್ಲಿ ಸಿಕ್ಕಿದ ಮರ್ಯಾದೆಯಲ್ಲಿ ಎಷ್ಟು ಪಾಲು ಅತಿಥಿಗೆ ಸಂದದ್ದು ಎಂಬುದು ತಿಳಿಯುತ್ತದೆ.

ಊರಿನ ರಸ್ತೆಯನ್ನು ಹಗುರವಾಗಿ ಎಣಿಸುವುದೂ ತಪ್ಪು. ಅಮೆರಿಕದ ಬಾರ್ಬರಾ ಸ್ಯಾವೇಜ್ ಗಂಡ ಲ್ಯಾರಿಯೊಂದಿಗೆ 1978ರಿಂದ ಎರಡು ವರ್ಷ 25 ದೇಶಗಳಲ್ಲಿ ಸುಮಾರು 37,000 ಕಿ.ಮೀ. ಸುತ್ತಿ ಸುರಕ್ಷಿತವಾಗಿ ಮರಳಿದರು. ಆ ಪ್ರಯಾಣದ ಕಥೆ ‘ಮೈಲ್ಸ್ ಫ್ರಮ್ ನೋವೇರ್’ 1983ರಲ್ಲಿ ಹೊರಬರುವ ಸ್ವಲ್ಪ ಮೊದಲು, ಸ್ವಂತ ಊರು ಸಾಂಟಾ ಬಾರ್ಬರಾದ ಹತ್ತಿರವೇ ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಹೆಲ್ಮೆಟ್ಟು, ದೀಪ, ಹಿಂದಿನಿಂದ ಬರುವ ವಾಹನದ ಮೇಲೆ ಗಮನ ಇವು ಮನೆಯಿಂದ ಎರಡು ಕಿ.ಮೀ. ದೂರದ ಅಂಗಡಿಗೂ ಅಷ್ಟೇ ಮುಖ್ಯ.

ನೆಲೆಗೊಳ್ಳಲು ಇಂತಿಷ್ಟೇ ದಿನ ಬೇಕೆಂಬ ನಿಯಮವಿಲ್ಲ. ಆದರೆ ಮರಳುವಿಕೆ ಸಲೀಸಾಗುವುದು ಬಹುಮಟ್ಟಿಗೆ ಹೊರಡುವ ಮೊದಲಿನ ಏರ್ಪಾಡಿನಿಂದ. ಪ್ರಯಾಣದ ಖರ್ಚಿಗೆ ಕೈಹಾಕದಂತೆ ಬಂದ ಮೇಲಿನ ಮೂರ್ನಾಲ್ಕು ತಿಂಗಳ ಬಾಡಿಗೆ, ಊಟದ ಹಣವನ್ನು ಬೇರೆ ತೆಗೆದಿಡುವುದು. ಕೆಲಸದ ವಿಷಯವನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳುವುದು. ಬಂದು ಇಳಿದ ಮರುದಿನವೇ ಕಚೇರಿಗೆ ಹೋಗದೆ ಎರಡು ವಾರವಾದರೂ ಬಿಡುವು ಇಟ್ಟುಕೊಳ್ಳುವುದು. ಮನೆಯ ಜವಾಬ್ದಾರಿ ಹೊತ್ತವರಿಗೆ ಅದನ್ನು ಮರಳಿ ಯಾವಾಗ ಹೊರುತ್ತೇವೆಂದು ಮೊದಲೇ ಹೇಳುವುದು. ಇಷ್ಟಾದ ಮೇಲೆ ಉಳಿಯುವುದು ಅಭ್ಯಾಸ. ಬೆಳಗಿನ ಒಂದು ಗಂಟೆ, ವಾರದ ಒಂದು ಸವಾರಿ, ಕಾಗದದ ಮೇಲೆ ದಿನಕ್ಕೊಂದು ಪುಟ, ಇವುಗಳಲ್ಲಿ ಒಂದನ್ನಾದರೂ ವರ್ಷ ಪೂರ್ತಿ ನಡೆಸಿದವರು ಮುಂದಿನ ಪ್ರಯಾಣದ ಮಾತು ಬಂದಾಗ ಊರಿನಿಂದ ತಪ್ಪಿಸಿಕೊಳ್ಳಲು ಹೊರಡುವುದಿಲ್ಲ. ಹೋಗಬೇಕೆನಿಸಿದ್ದಕ್ಕೆ ಹೊರಡುತ್ತಾರೆ, ಇಲ್ಲವೇ ನೆಮ್ಮದಿಯಿಂದ ಊರಿನಲ್ಲೇ ಉಳಿಯುತ್ತಾರೆ.